ಒಳಗಿನ ಚಿಲಕ

ಅಡುಗೆಮನೆಯನ್ನು ಹೊಸದಾಗಿ ಕಟ್ಟಿಸಬೇಕೆಂದು ಯಾವ ಗಂಡಸು ಕರೆದರೂ ಅವರು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ನಿಮ್ಮ ಮನಿಯವ್ರು ಎಷ್ಟ ಎತ್ತರ ಅದಾರ್ರಿ?”

ಆತ ತುಸು ಯೋಚಿಸಿ, ಅಂಗೈಯನ್ನು ಅಡ್ಡ ಹಿಡಿದು, ತನ್ನ ಕಿವಿಯ ಹತ್ತಿರವೋ ಭುಜದ ಹತ್ತಿರವೋ ತೋರಿಸುತ್ತಿದ್ದ. ಅವರು ಆ ಎತ್ತರಕ್ಕೆ ಗೋಡೆಯ ಮೇಲೊಂದು ಗೆರೆ ಎಳೆದು, ಒಳಗಿನಿಂದ ಹೆಂಡತಿಯನ್ನು ಕರೆಸಿ, ಬೆನ್ನು ಹಚ್ಚಿ ನಿಲ್ಲಿಸುತ್ತಿದ್ದರು. ಇಪ್ಪತ್ತು ವರ್ಷ ಸಂಸಾರ ಮಾಡಿದವರ ಗೆರೆಯೂ ಒಂದು ಗೇಣು ಮೇಲೋ ಕೆಳಗೋ ಇರುತ್ತಿತ್ತು.

“ನೋಡ್ರಿ ಸಾವ್ಕಾರ್ರ, ನಿಮ್ಮ ಮಾತ ಕೇಳಿ ಒಲಿ ಕಟ್ಟಿ ಎತ್ತಿದ್ರ ನಮ್ಮಕ್ಕ ಸ್ಟೂಲ್ ಮ್ಯಾಲ ನಿಂತು ರೊಟ್ಟಿ ಬಡೀಬೇಕಾಗಿತ್ತು” ಎಂದು ಅವರು ನಕ್ಕಾಗ, ಆ ಹೆಂಡತಿ ಸೆರಗು ಬಾಯಿಗೆ ಹಿಡಿದು ಗಂಡನನ್ನು ಓರೆಗಣ್ಣಿನಿಂದ ನೋಡುವುದೂ ಅವರ ಕೆಲಸದ ಒಂದು ಭಾಗವೇ ಆಗಿತ್ತು. ಆ ಗಳಿಗೆಯಿಂದ ಆ ಮನೆಯಲ್ಲಿ ಅಳತೆ ಹೇಳುವ ಅಧಿಕಾರ ಕೈ ಬದಲಾಗುತ್ತಿತ್ತು. ನಾನೂ ತೋರಿಸಿದ್ದೇನೆ. ನನ್ನದು ನಾಲ್ಕೇ ಬೆರಳು ತಪ್ಪಿತ್ತು. “ಪರವಾಗಿಲ್ರಿ ಸರ, ಪಾಸ್ ಆದ್ರಿ” ಎಂದರು.

ಅವರು ಗೌಂಡಿ, ಎಂದರೆ ಕಲ್ಲು-ಗಾರೆಯ ಮೇಸ್ತ್ರಿ. ಹೆಂಗಸರು ತಲೆಯ ಮೇಲೆ ಬುಟ್ಟಿ ಹೊರುವುದಕ್ಕಷ್ಟೇ ಸೀಮಿತರಾದ ಈ ಕಸುಬಿನಲ್ಲಿ ಕರಣಿ ಹಿಡಿದು ಗೋಡೆಯೆದುರು ಕುಳಿತ ಹೆಣ್ಣುಮಗಳನ್ನು, ಕುಷ್ಟಗಿ, ಯಲಬುರ್ಗಾ, ತಾವರಗೇರಾ ಎಂದು ನಾನು ತಿರುಗಿದ ಊರುಗಳಲ್ಲೆಲ್ಲ, ಇವರೊಬ್ಬರನ್ನೇ ಕಂಡೆ. ಜನ ಅವರನ್ನು ‘ಗೌಂಡೆವ್ವ’ ಎಂದೇ ಕರೆಯುತ್ತಿದ್ದರು. ತಂದೆತಾಯಿ ಇಟ್ಟ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನೂರಾರು ಮನೆಗಳ ಒಳಮಾತುಗಳನ್ನು ತಮ್ಮೊಳಗೇ ಇಟ್ಟುಕೊಂಡವರ ಹೆಸರನ್ನು ಅಚ್ಚಿಗೆ ಹಾಕುವ ಹಕ್ಕು ನನಗಿದೆ ಎಂದು ಅನ್ನಿಸಿಲ್ಲ. ಈ ವರ್ಷ ಯುಗಾದಿಗೆ ಕೆಲವೇ ದಿನ ಮುಂಚೆ ಅವರು ತೀರಿಕೊಂಡರು.

ಅವರು ಗೌಂಡಿಯಾದ ಬಗೆಯನ್ನು ಅವರ ಬಾಯಿಂದಲೇ ಕೇಳಿದ್ದೇನೆ. ಮೊದಲ ಹದಿನೆಂಟು ವರ್ಷ ಅವರು ಬುಟ್ಟಿ ಹೊತ್ತವರೇ. ಯಾವುದಾದರೂ ಮನೆಯಲ್ಲಿ ಬಚ್ಚಲು ಕಟ್ಟುವಾಗ ಗೌಂಡಿ ಮನೆಯ ಹೆಂಗಸರನ್ನು “ಹೆಂಗ ಬೇಕವ್ವಾ?” ಎಂದು ಕೇಳುತ್ತಿದ್ದ. ಅವರು ಬಾಗಿಲ ಮರೆಯಿಂದ “ನಿಮಗ ತಿಳಿದಂಗ ಮಾಡ್ರಿ” ಎನ್ನುತ್ತಿದ್ದರು. ಆಮೇಲೆ ಇವರ ಸೆರಗು ಜಗ್ಗಿ ಹಿತ್ತಲಿಗೆ ಕರೆದೊಯ್ದು ಪಿಸುಗುಡುತ್ತಿದ್ದರು: ಕಿಟಕಿ ಅಲ್ಲಿಟ್ಟರೆ ಆಚೆಮನೆಯ ಮಾಳಿಗೆಯಿಂದ ಕಾಣುತ್ತದೆ, ಬಟ್ಟೆ ತೂಗುಹಾಕಲು ಮೊಳೆ ಬೇಕು, ತಿಂಗಳ ಬಟ್ಟೆ ಒಗೆದು ಒಣಹಾಕಲು ಯಾರ ಕಣ್ಣಿಗೂ ಬೀಳದ ಒಂದು ಮೂಲೆ ಬೇಕು. ಇವರು ಬಂದು ಗೌಂಡಿಗೆ ಹೇಳುತ್ತಿದ್ದರು. ಒಂದು ದಿನ ಆ ಗೌಂಡಿ ಬೇಸತ್ತು ಕರಣಿಯನ್ನೇ ಇವರ ಕೈಗಿಟ್ಟನಂತೆ: “ತಗೊಳವ್ವಾ, ಹೇಳಾಕೀನೂ ನೀನಾ, ಮಾಡಾಕೀನೂ ನೀನಾ ಆಗು. ನಡುವ ನಾ ಯಾಕ?”

ನನಗೆ ಅವರ ಪರಿಚಯವಾದದ್ದು ಹನುಮಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ. ನಾನು ಕುಷ್ಟಗಿಯಲ್ಲಿ ರಾಜ್ಯಶಾಸ್ತ್ರ ಕಲಿಸುವವನು. ವಿದ್ಯಾರ್ಥಿಯಾಗಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಗಳಿಸಿದ ಮಾತುಗಾರಿಕೆಯನ್ನು ರಜಾದಿನಗಳಲ್ಲಿ ಶೌಚಾಲಯದ ಪ್ರಚಾರಕ್ಕೆ ಬಳಸುತ್ತಿದ್ದೆ. ಕಟ್ಟಿಸಿಕೊಟ್ಟ ಶೌಚಾಲಯಗಳಲ್ಲಿ ಜನ ಕುಳ್ಳು, ಕಟ್ಟಿಗೆ ಒಟ್ಟುತ್ತಾರೆಂಬ ಸಂಕಟ ನನ್ನನ್ನು ಕಾಡುತ್ತಿತ್ತು. ಅಂದು ಆ ಹಳ್ಳಿಯ ಕಟ್ಟೆಯ ಮೇಲೆ ನಿಂತು ಆರೋಗ್ಯ, ಘನತೆ, ನಾಗರಿಕ ಹೊಣೆ ಎಂದು ಮುಕ್ಕಾಲು ಗಂಟೆ ಮಾತಾಡಿದೆ. ಚಪ್ಪಾಳೆಯೂ ಬಿತ್ತು. ಕೊನೆಗೆ ಹಿಂದಿನ ಸಾಲಿನಿಂದ ಸಿಮೆಂಟು ಮೆತ್ತಿದ ಕೈಯೊಂದು ಮೇಲೆದ್ದಿತು.

“ಸರ, ಭಾಳ ಛಲೋ ಮಾತಾಡಿದ್ರಿ. ಒಂದು ಕೇಳ್ಲೇನ್ರಿ? ಅವುಕ್ಕೆಲ್ಲ ಬಾಗಲಾ ಬೀದಿ ಕಡೆ ಇಟ್ಟಾರಲ್ರಿ. ಯಾವ ಹೆಣ್ಮಗಳು ಊರ ಮಂದಿ ಮುಂದ ತಂಬಿಗಿ ಹಿಡ್ಕೊಂಡು ಅದರಾಗ ಹೊಕ್ಕಾಳು?”

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂತು: “ನಿಮ್ಮ ಮನ್ಯಾಗಿಂದು ಹೆಂಗೈತ್ರಿ ಸರ?”

ನನ್ನ ಮನೆಯದು ಹೇಗಿತ್ತೆಂದು ಹೇಳಬೇಕು. ಹಳೆಯ ಮನೆಗಳ ರೂಢಿಯಂತೆ ಅಡುಗೆಮನೆಯ ಮೂಲೆಯಲ್ಲೇ ಬಚ್ಚಲು, ಪಕ್ಕದಲ್ಲಿ ಹಂಡೆ, ನಡುವೆ ಮೊಣಕಾಲೆತ್ತರದ ಅಡ್ಡಗೋಡೆ. ಶೌಚಾಲಯ ಹಿತ್ತಲಿನಲ್ಲಿ. ಅವ್ವ ಐವತ್ತು ವರ್ಷ ಎಲ್ಲರೂ ಏಳುವ ಮುನ್ನ ಆ ಮೂಲೆಯಲ್ಲೇ ಜಳಕ ಮುಗಿಸುತ್ತ ಬಂದಿದ್ದಳು. ಮೂರು ವರ್ಷದ ಹಿಂದೆ ಹಿತ್ತಲಿನ ಪಾವಟಿಗೆಯ ಮೇಲೆ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಕೊಪ್ಪಳದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿ, ವಾಕರ್ ಕೈಗೆ ಕೊಟ್ಟು ಕರೆತಂದೆವು. ಹಳೆಯ ಬಚ್ಚಲಿನ ಅಡ್ಡಗೋಡೆ ದಾಟುವುದು ಇನ್ನು ಸಾಧ್ಯವಿರಲಿಲ್ಲವಾದ್ದರಿಂದ ಹಿಂದಿನ ಕೋಣೆಯೊಂದನ್ನು ಅವಳ ಸ್ನಾನಕ್ಕೆಂದು ತೆರವು ಮಾಡಿದೆ. ಅದರ ಬಾಗಿಲಿನ ಒಳಚಿಲಕವನ್ನು ನಾನೇ ಸ್ಕ್ರೂ ಬಿಚ್ಚಿ ತೆಗೆದೆ. ಒಳಗೆ ಬಿದ್ದರೆ ನಾವು ಹೋಗುವುದು ಹೇಗೆ? ಆ ತರ್ಕದಲ್ಲಿ ದೋಷವಿಲ್ಲವೆಂದು ಈಗಲೂ ಯಾರಾದರೂ ಸಮರ್ಥಿಸಬಹುದು. ಅವ್ವ ನಾನು ಚಿಲಕ ತೆಗೆಯುವುದನ್ನು ಮಂಚದ ಮೇಲಿನಿಂದ ನೋಡಿದಳು.

ನನ್ನ ಹೆಂಡತಿ ಅತ್ತೆಗೆ ಸ್ನಾನ ಮಾಡಿಸತೊಡಗಿದಳು. ಮೊದಲು ದಿನವೂ, ಆಮೇಲೆ ಎರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. “ಮೈ ಏನ್ ಹೊಲಸಾಗೈತಿ? ಮಂಚದ ಮ್ಯಾಲೆ ಇರಾಕಿ” ಎಂದು ಅವ್ವ ಮುಂದೂಡುತ್ತಿದ್ದಳು. ಎರಡು ಸಲ ಉರಿಮೂತ್ರವಾಗಿ ಜ್ವರ ಬಂತು. ಕಾರಣ ಕಂಡುಹಿಡಿದವಳು ನನ್ನ ಹೆಂಡತಿ.

“ರೀ, ಅತ್ತಿ ನೀರ ಕುಡಿಯಾಕ ಬಿಟ್ಟಾರ. ನಾ ಕೊಟ್ಟ ನೀರೆಲ್ಲ ಕಿಟಕ್ಯಾಗ ಕೈ ಹಾಕಿ ತುಳಸಿಗೆ ಚೆಲ್ಲತಾರ. ಮೇಲಿಂದ ಮೇಲೆ ಯಾರನ್ನರ ಕರದು ಎಬ್ಬಿಸ್ಕೊಂಡು ಹೋಗೂದು ಬ್ಯಾಡಂತ.”

ಕುಷ್ಟಗಿಯ ಬೇಸಿಗೆಯಲ್ಲಿ ಎಪ್ಪತ್ತೆರಡರ ಹೆಣ್ಣುಜೀವವೊಂದು ನಾಚಿಕೆಗಾಗಿ ಬಾಯಾರಿಕೆಯನ್ನು ತಡೆದುಕೊಂಡಿತ್ತು. ಮರುದಿನವೇ ನಾನು ಗೌಂಡೆವ್ವನವರನ್ನು ಕರೆಸಿದೆ.

ನಾನು ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದಿಟ್ಟಿದ್ದೆ. ಬಚ್ಚಲು, ಶೌಚಾಲಯ ಎರಡೂ ಒಂದೇ ಕೋಣೆಯಲ್ಲಿ, ಬಲಗೋಡೆಗೆ ಉಕ್ಕಿನ ಹಿಡಿಕೆ. ಅವರು ಹಾಳೆಯನ್ನು ಗೌರವದಿಂದಲೇ ನೋಡಿ, ಮಡಚಿ, ನನ್ನ ಕೈಗೇ ಕೊಟ್ಟರು. “ಅವ್ವಾರ ಎಲ್ಲದಾರ್ರಿ?” ಎಂದು ಕೇಳಿ, ಅವ್ವನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಒಂದು ಗಂಟೆಯ ಮೇಲೆ ಹೊರಬಂದರು.

“ಏನಂದಳು ಅವ್ವ?”

“ಅದು ನನ್ನ ಬುಟ್ಟ್ಯಾಗ ಐತ್ರಿ ಸರ, ಇಳಿಸಂಗಿಲ್ಲ. ಒಂದ ಮಾತ್ರ ನಿಮಗ ಹೇಳಂದಾರ. ಒಳಗಿಂದ ಚಿಲಕ ಬೇಕಂತ.”

“ಆಗುವುದಿಲ್ಲ” ಎಂದೆ. “ಬಿದ್ದರೆ?”

“ಬೀಳಲಾರದಂಗ ಮಾಡಿದ್ರ?”

“ಆಗ ನೋಡೋಣ.”

“ನೋಡೂಣಂದ್ರ ಹೂಂ ಅಂದಂಗಲ್ರಿ. ಹೂಂ ಅನ್ರಿ, ಇಲ್ಲ ಊಹೂಂ ಅನ್ರಿ.”

ವಾದದಲ್ಲಿ ಎದುರಾಳಿಯನ್ನು ಹೀಗೆ ಕಟ್ಟಿಹಾಕುವುದನ್ನು ನಾನು ಮಕ್ಕಳಿಗೆ ಕಲಿಸುತ್ತೇನೆ. “ಬೀಳುವುದಿಲ್ಲವೆಂದು ನನಗೆ ಮನವರಿಕೆಯಾದರೆ, ಹೂಂ” ಎಂದೆ.

ಗೋಡೆ ಎದ್ದಿತು, ಸುಣ್ಣದ ಒಂದು ಕೈ ಆಯಿತು. ಆಗ ಅವರು ಮಾಡಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಬಟ್ಟಲಲ್ಲಿ ಕೆಮ್ಮಣ್ಣು ಕಲಸಿ ಅವ್ವನ ಎರಡೂ ಅಂಗೈಗೆ ಬಳಿದರು. ನಡುವೆ ಒಂದು ಸ್ಟೂಲು, ಎದುರಿಗೆ ಖಾಲಿ ಬಕೆಟ್ಟು ಇಟ್ಟರು. ನನ್ನನ್ನು ಅಂಗಳಕ್ಕೆ ಅಟ್ಟಿದರು. “ಯವ್ವಾ, ಕಣ್ಣ ಮುಚ್ಚಿ ಜಳಕಾ ಮಾಡಿದಂಗ ಮಾಡ್ರಿ. ಸೋಪು ಕಣ್ಣಾಗ ಹೋಗೈತಿ ಅಂತ ತಿಳ್ಕೋರಿ. ಬೀಳಂಗಾದ್ರ ನಾ ಹಿಡೀತೀನಿ, ಹೆದರಬ್ಯಾಡ್ರಿ” ಎನ್ನುವುದು ಕೇಳಿಸಿತು. ನಂತರ ಅವ್ವನ ನಗು. ಸೊಂಟ ಮುರಿದ ಮೇಲೆ ಆಕೆ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಒಳಗೆ ಕರೆದಾಗ ಹೋಗಿ ನೋಡಿದೆ. ಬಿಳಿಯ ಗೋಡೆಯ ತುಂಬ ಅವ್ವನ ಕೆಂಪು ಕೈಗಳು. ಕೂರುವಾಗ ಆತುಕೊಂಡದ್ದು, ಏಳುವಾಗ ಒತ್ತಿದ್ದು, ನಳಕ್ಕೆ ಚಾಚುವಾಗ ತಡಕಿದ್ದು. ಬಾಗಿಲ ಪಕ್ಕದಲ್ಲೊಂದು ಗುರುತು ಉದ್ದಕ್ಕೆ ಕೆಳಗೆ ಎಳೆದುಕೊಂಡು ಹೋಗಿತ್ತು. “ಇಲ್ಲೆ ಕೈ ಜಾರೈತಿ ನೋಡ್ರಿ, ಇಲ್ಲಿಗೆ ಒಂದು ಹಿಡಿಕಿ” ಎಂದರು. ಒಂದೆರಡು ಬಿಟ್ಟರೆ ಎಲ್ಲ ಗುರುತುಗಳೂ ಎಡಗೋಡೆಯ ಮೇಲೇ ಇದ್ದವು. ತಂಬಿಗೆ ಹಿಡಿಯುವುದು ಬಲಗೈ. ಆಸರೆ ಹುಡುಕುವುದು ಎಡಗೈ. ಇಷ್ಟು ಸರಳವಾದುದು ನನ್ನ ಗ್ರಾಫ್ ಹಾಳೆಗೆ ತಿಳಿದಿರಲಿಲ್ಲ.

ಇಷ್ಟಾದ ಮೇಲೂ ನೆಲದ ವಿಷಯದಲ್ಲಿ ನಾನು ಮೊಂಡು ಹಿಡಿದೆ. ನಮ್ಮ ಸೀಮೆಯ ಕೆಂಪು ಗ್ರಾನೈಟಿನ ಬಗ್ಗೆ ನನಗೊಂದು ಅಭಿಮಾನ. ದೂರದೂರದವರು ಹುಡುಕಿಕೊಂಡು ಬಂದು ಒಯ್ಯುವ ಕಲ್ಲು ನಮ್ಮ ಮನೆಯೊಳಗೇ ಇಲ್ಲದಿದ್ದರೆ ಹೇಗೆ? ಇಳಕಲ್ಲಿನಲ್ಲಿ ಹೊಳಪು ಮಾಡಿಸಿ ತಂದಿದ್ದೆ. ಮುಖ ಕಾಣುವಂತಿತ್ತು. ಗೌಂಡೆವ್ವನವರು ಕಲ್ಲನ್ನು ಸವರಿ ನೋಡಿ, “ಇದನ್ನ ಬೋರಲು ಹಾಕೂಣ್ರಿ ಸರ, ಹಿಂದಿನ ಮಗ್ಗಲಾ ತರಿ ಐತಿ” ಎಂದರು. ಗರಗಸದ ಗೀರು ಉಳಿದ ಆ ಒರಟು ಮೈಯನ್ನು ಮೇಲೆ ಮಾಡಬೇಕಂತೆ!

ನಾನು ವಾದಿಸಿದೆ. ಒರಟು ಕಲ್ಲಿನಲ್ಲಿ ಕೊಳೆ ನಿಲ್ಲುತ್ತದೆ, ಕೊಳೆಯಿಂದ ರೋಗ ಬರುತ್ತದೆ ಎಂದೆ. “ಹೊಲಸು ತಿಕ್ಕಿದ್ರ ಹೋಗತೈತ್ರಿ. ಎಲುವು ಮುರಿದ್ರ ಏನ್ ತಿಕ್ಕತೀರಿ?” ಎಂದರು. ಮೇಲೆ ರಬ್ಬರಿನ ಹಾಸು ಹಾಕೋಣವೆಂದೆ. ಸರಿಯುತ್ತದೆ ಎಂದರು. ಅಂಟಿಸೋಣವೆಂದೆ. ಹೊಳಪಿಗಾಗಿಯೇ ತಂದ ಕಲ್ಲನ್ನು ತಿರುವಿ ಹಾಕಿದರೆ ನೋಡಿದವರು ಗೌಂಡಿಗೇ ಕೆಲಸ ಬರುವುದಿಲ್ಲ ಎಂದುಕೊಳ್ಳುತ್ತಾರೆ ಎಂದೂ ಸೇರಿಸಿದೆ. ಅವರು “ಆತು ಬಿಡ್ರಿ ಸರ” ಎಂದು ಹೊಳಪಿನ ಮುಖ ಮೇಲೆ ಮಾಡಿ, ಸಂಜೆಯವರೆಗೆ ಕುಳಿತು, ರಸಮಟ್ಟ ಇಟ್ಟು ನೋಡಿ, ನೀರು ಮೋರಿಗೆ ಹರಿಯುವಂತೆ ನಾಲ್ಕೂ ಕಲ್ಲು ಕೂರಿಸಿ ಹೋದರು. ನಾನು ಗೆದ್ದಿದ್ದೆ.

ಮರುದಿನ ಬೆಳಿಗ್ಗೆ ಹಾಲು ತರಲು ಎದ್ದಾಗ ಹಿಂದಿನ ಕೋಣೆಯಿಂದ ಸಬ್ಬಲಿನ ಸಪ್ಪಳ. ಅವರು ಮೊದಲ ಬಸ್ಸಿಗೇ ಬಂದು, ಕೆಳಗಿನ ಗಾರೆ ಹಸಿ ಇರುವಾಗಲೇ ಮೂರು ಕಲ್ಲು ಎಬ್ಬಿಸಿದ್ದರು. ನಾಲ್ಕನೆಯದು ಕೈಯಲ್ಲಿತ್ತು. ಬೆವರಿಗೆ ಹಣೆಯ ಕುಂಕುಮ ಮೂಗಿನವರೆಗೆ ಇಳಿದಿತ್ತು.

“ವಾದ ನೀವ ಗೆದ್ದೀರಿ ಸರ” ಎಂದರು, ನಾನು ಬಾಯಿ ತೆರೆಯುವ ಮೊದಲೇ. “ಬಸ್ಸಿನ್ಯಾಗ ಹೋಗುವಾಗ ಭಾಳ ವಿಚಾರ ಮಾಡಿದೆ, ನಿಮಗ ಏನ್ ಹೇಳಬೇಕಿತ್ತಂತ. ಒಂದೂ ಹೊಳೀಲಿಲ್ಲ. ಆದ್ರ ಈ ಮಕಾ ಮ್ಯಾಲ ಇದ್ರ ನಾ ಆ ಬಾಗಲಿಗೆ ಚಿಲಕಾ ಜಡಿಯಾಕಿ ಅಲ್ಲ. ಅವ್ವಾರಿಗೆ ಮಾತ ಕೊಟ್ಟೀನಿ. ಮಂದಿ ಕೇಳಿದ್ರ, ಗೌಂಡಿಗೆ ತಲಿ ಇಲ್ಲ, ಕಲ್ಲ ಉಲ್ಟಾ ಹಾಕಿ ಹೋಗ್ಯಾಳ ಅಂತ ಹೇಳ್ರಿ. ನಿಮ್ಮ ಮರ್ಯಾದಿ ಉಳೀತೈತಿ.”

ನಾನು ಅಂದು ಕಲಿತದ್ದನ್ನು ದೊಡ್ಡ ಮಾತುಗಳಲ್ಲಿ ಹೇಳುವ ಆಸೆಯನ್ನು ತಡೆದುಕೊಳ್ಳುತ್ತೇನೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಲ್ಲಿನ ಇನ್ನೊಂದು ತುದಿ ಹಿಡಿದೆ, ಅಷ್ಟೇ.

ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಕೂರಿಸಿದರು. ಒಳಗೆ ಯಾರಾದರೂ ಬಿದ್ದರೆ ಬಾಗಿಲಿಗೆ ಅಡ್ಡವಾಗಬಾರದೆಂದು. ಚಿಲಕವನ್ನು ನೆಲದಿಂದ ಒಂದೂವರೆ ಅಡಿಯಲ್ಲಿ ಹಾಕಬೇಕೆಂದಾಗ ಬಡಗಿ ನಕ್ಕ: “ಏನ್ ಗೌಂಡೆವ್ವಾ, ಬೆಕ್ಕಿಗೆ ಚಿಲಕ ಮಾಡ್ಸಾಕತ್ತೀಯೇನ?”

“ಹೂಂನಪಾ, ಬೆಕ್ಕಿಗೂ ಮಾನ ಐತಿ. ಬಿದ್ದಾಕಿಗೆ ಕೈಗೆ ಸಿಗಬೇಕು, ಅಲ್ಲಿಗೆ ಜಡಿ.”

ಮೊದಲ ಜಳಕದ ದಿನ ಅವರು ಕೆಲಸವಿಲ್ಲದಿದ್ದರೂ ಬಂದರು. ಅವ್ವ ವಾಕರ್ ಹಿಡಿದು ಒಳಗೆ ಹೋದಳು. ಬಾಗಿಲು ಮುಚ್ಚಿತು. ಕೆಳಗಿನಿಂದ ಚಿಲಕ ಬಿದ್ದ ಸದ್ದು ಬಂತು. ನೀರು ಸುರಿಯುವ ಸದ್ದು, ತಂಬಿಗೆ ಕಲ್ಲಿಗೆ ತಾಗಿದ ಸದ್ದು. ಆಮೇಲೆ ಏನೂ ಇಲ್ಲ. ನಾನು ಕಾದೆ. ಇನ್ನೂ ಕಾದೆ. “ಅವ್ವಾ?” ಎಂದೆ. ಉತ್ತರವಿಲ್ಲ. ಬಾಗಿಲ ಕಡೆಗೆ ನುಗ್ಗಿದಾಗ ಹಿಂದಿನಿಂದ ಅಂಗಿಯ ಚುಂಗು ಹಿಡಿದು ಜಗ್ಗಿದರು.

“ಸರ, ಹೆಣ್ಮಗಳು ಜಳಕಾ ಮಾಡಾಕತ್ತಾಳ. ಬಾಗಲದಾಗ ನಿಮಗೇನ್ ಕೆಲಸ?”

ಒಳಗಿನಿಂದ ಅವ್ವನ ದನಿ ಬಂತು. ಎಷ್ಟೋ ತಿಂಗಳಿಂದ ಕೇಳಿರದ, ಮನೆಯೊಡತಿಯ ಗಡಸು ದನಿ: “ಯಾರದು ಬಾಗಲದಾಗ? ತಲಿಗೆ ಸೀಗೀಕಾಯಿ ಹಚ್ಕೊಂಡೀನಿ. ಹೋಗ್ರತ್ತಾಗ!”

ಗೌಂಡೆವ್ವನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಕಣ್ಣುಗಳು ಮಾತ್ರ ಒದ್ದೆಯಾಗಿದ್ದವು. ಆ ದಿನ ಊಟಕ್ಕೆ ಕುಳಿತಾಗ ಅವ್ವ ತಾನಾಗಿ ಎರಡನೆಯ ಸಲ ನೀರು ಕೇಳಿದಳು. ನನ್ನ ಹೆಂಡತಿ ತಂಬಿಗೆಯನ್ನೇ ತಂದು ಪಕ್ಕಕ್ಕಿಟ್ಟಳು.

ಯಲಬುರ್ಗಾದ ಒಂದು ಮನೆಯ ನೆನಪನ್ನೂ ಹೇಳಬೇಕು. ಅಲ್ಲಿ ಅವರು ಕಟ್ಟಿದ ಅಡುಗೆಮನೆ ನೋಡಲು ಅಕ್ಕಪಕ್ಕದವರೆಲ್ಲ ಬರುತ್ತಿದ್ದರು. ಆದರೆ ಹಾಲು ಉಕ್ಕಿಸುವ ದಿನ ಅವರಿಗೆ ಪಡಸಾಲೆಯಲ್ಲೇ ಎಲೆ ಹಾಕಿದರು, ಒಳಗೆ ಕರೆಯಲಿಲ್ಲ. ಕಾರಣವನ್ನು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅತಿಥಿಯಾಗಿ ಹೋಗಿದ್ದ ನಾನು ಸಿಟ್ಟಿನಿಂದ ಎದ್ದು ನಿಂತೆ. ಅವರು ಕಣ್ಣಲ್ಲೇ ಕೂರಿಸಿದರು. “ನಾ ಒಳಗ ಹೋಗಲಿಲ್ಲಂದ್ರ ಏನಾತ್ರಿ, ನಾ ಕಟ್ಟಿದ್ದು ಒಳಗ ಐತಲ್ಲ. ದಿನಾ ಮೂರ ಹೊತ್ತು ಅದರ ಮ್ಯಾಲ ಕೈ ಇಟ್ಟ ಉಣ್ತಾರ.” ಅವರು ಶಾಂತರಾಗಿದ್ದರು. ನಾನು ಇಂದಿಗೂ ಆಗಿಲ್ಲ. ಆಗಬಾರದೆಂದೇ ನನ್ನ ನಿಲುವು. ಅದೊಂದು ವಿಷಯದಲ್ಲಿ ನಾವಿಬ್ಬರೂ ಕೊನೆಯವರೆಗೆ ಒಪ್ಪಲಿಲ್ಲ.

ಕಲ್ಲು ಕೊಯ್ಯುವ ಯಂತ್ರದ ಧೂಳು ಅವರ ಎದೆಯಲ್ಲಿ ಕೂತಿತ್ತು. ಮೂಗಿಗೆ ಸೆರಗು ಸುತ್ತಿಕೊಂಡು ಕೆಲಸ ಮಾಡುತ್ತಿದ್ದರು. ಮುಖಕ್ಕೆ ಹಾಕಿಕೊಳ್ಳಿ ಎಂದು ನಾನೊಮ್ಮೆ ಮಾಸ್ಕು ತಂದುಕೊಟ್ಟಿದ್ದೆ. ಹಾಕಿಕೊಂಡರೋ ಇಲ್ಲವೋ ವಿಚಾರಿಸಲಿಲ್ಲ. ಕೊಟ್ಟ ಮೇಲೆ ಕೆಲಸ ಮುಗಿಯಿತೆಂದು ತಿಳಿಯುವುದು ನಮ್ಮಂಥ ಸುಧಾರಕರ ಹಳೆಯ ಚಾಳಿ.

ಅವರು ತೀರಿದ ಸುದ್ದಿ ತಿಳಿದು ಅವರ ಊರು ತಾವರಗೇರಾಕ್ಕೆ ಹೋದೆ. ಅಂಗಳದಲ್ಲಿ ಗಂಡಸರು ಗುಂಪಾಗಿ ನಿಂತು ಗೊಣಗುತ್ತಿದ್ದರು. ಹೆಣಕ್ಕೆ ಅಂಗಳದಲ್ಲಿ, ನಾಲ್ಕು ಸೀರೆ ಅಡ್ಡ ಹಿಡಿದು ನೀರೆರೆಯುವುದು ಅಲ್ಲಿನ ಪದ್ಧತಿ. ಆದರೆ ಗೌಂಡೆವ್ವ ಮೊದಲೇ ಓಣಿಯ ಹೆಂಗಸರಿಗೆ ಹೇಳಿಟ್ಟಿದ್ದರಂತೆ, ನನ್ನನ್ನು ಬಯಲಿಗೆ ತರಬೇಡಿ ಎಂದು.

“ಹಿಂಗ ಯಾರೂ ಮಾಡಿಲ್ಲಬೇ” ಎಂದು ಒಬ್ಬ ಹಿರಿಯ ಬಾಗಿಲ ಬಳಿ ನಿಂತು ಕೂಗಿದ.

“ಮಾಡಿಲ್ಲಂದ್ರ ಈಗ ಮಾಡಾಕತ್ತೀವಿ. ಅತ್ತಾಗ ನಿಂದ್ರೋ ಯಪ್ಪಾ” ಎಂದು ಒಳಗಿನಿಂದ ಒಂದು ದನಿ ಬಂತು. ಅವರೇ ಕಟ್ಟಿಕೊಂಡಿದ್ದ ಬಚ್ಚಲಿನಲ್ಲಿ, ಚಿಲಕ ಹಾಕಿಕೊಂಡು, ಹೆಂಗಸರು ಅವರಿಗೆ ನಿಧಾನವಾಗಿ ಕೊನೆಯ ಜಳಕ ಮಾಡಿಸಿದರು. ಗಂಡಸರು ಕಾದರು.

ಮನೆಗೆ ಬಂದು ಇದನ್ನೆಲ್ಲ ಅವ್ವನಿಗೆ ಹೇಳಿದೆ. ಆಕೆ ವಾಕರ್ ಎಳೆದುಕೊಂಡು ಬಚ್ಚಲಿಗೆ ಹೋದಳು. ಚಿಲಕ ಬಿತ್ತು. ನಳ ಬಿಟ್ಟ ಸದ್ದು ಬಂತು. ನೀರು ಖಾಲಿ ಬಕೆಟ್ಟಿಗೆ ಬಿದ್ದು, ತುಂಬಿ, ಹೊರಚೆಲ್ಲಿ, ಒಂದೇ ಸಮನೆ ಹರಿಯುತ್ತಿತ್ತು. ತಂಬಿಗೆಯ ಸದ್ದು ಒಂದು ಸಲವೂ ಕೇಳಲಿಲ್ಲ. ನನ್ನ ಹೆಂಡತಿ ಬಂದು ನನ್ನ ಮುಖ ನೋಡಿದಳು. ನಾವು ಬಾಗಿಲ ಹತ್ತಿರ ಹೋಗಲಿಲ್ಲ. ಅಂಗಳಕ್ಕೆ ಹೋಗಿ ಕುಳಿತೆವು.

ಬಹಳ ಹೊತ್ತಿನ ಮೇಲೆ ಅವ್ವ ಹೊರಬಂದಳು. ಗೀಸರಿನ ಸ್ವಿಚ್ಚನ್ನು ಯಾರೂ ಹಾಕಿರಲಿಲ್ಲ. ಉಟ್ಟ ಸೀರೆ ಅದೇ ಇತ್ತು. ತಲೆಗೂದಲು ಒಣಗಿಯೇ ಇತ್ತು, ಕಣ್ಣುಗಳಷ್ಟೇ ಕೆಂಪಾಗಿದ್ದವು.

“ಜಳಕಾ ಮಾಡಿದೆ ತಮ್ಮಾ” ಎಂದಳು. “ನೀರು ಛಲೋ ಕಾದಿದ್ವು.”

ಎದುರು ಹೇಳಲು ಎಲ್ಲ ಪುರಾವೆಯೂ ನನ್ನ ಕಣ್ಣ ಮುಂದೆಯೇ ಇತ್ತು.

“ಹೌದವ್ವಾ” ಎಂದೆ.